ಅಸಲಿ ಮಾತ್ರೆಯ ಗುರುತು ಸೀಲಿಂಗ್ ಬಿಸಿಗೆ ಮಾಸಿದರೆ?

ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ (ಸಿಡಿಎಸ್‌ಸಿಒ) ಗುಣಮಟ್ಟ ಪರೀಕ್ಷೆಯಲ್ಲಿ ಸೋತ ಔಷಧಿಗಳ ಪಟ್ಟಿಯನ್ನು ಪ್ರತಿ ತಿಂಗಳೂ ಹೊರಡಿಸುತ್ತದೆ. ಸಾಮಾನ್ಯವಾಗಿ ಅದು ಪತ್ರಿಕೆಯ ಒಳಪುಟದಲ್ಲೇ ಮುಗಿದುಹೋಗುವ ಸುದ್ದಿ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಪಟ್ಟಿ ಮಾತ್ರ ಮನೆಮನೆಯ ಮಾತಾಯಿತು. 50ಕ್ಕೂ ಹೆಚ್ಚು ಹೆಸರುಗಳಿದ್ದ ಅದರಲ್ಲಿ ಪ್ಯಾನ್-ಡಿ, ಶೆಲ್ಕಾಲ್, ಟೆಲ್ಮಾ-ಎಚ್‌ನಂಥ ದಿನನಿತ್ಯದ ಮಾತ್ರೆಗಳಿದ್ದವು. ಕೆಲವು ಕಂಪನಿಗಳು, ‘ಆ ಬ್ಯಾಚ್ ನಾವು ತಯಾರಿಸಿದ್ದೇ ಅಲ್ಲ, ಅದು ನಕಲಿ’ ಎಂದು ಉತ್ತರ ಕೊಟ್ಟವು.

ಅಲ್ಲಿಗೆ ಓದುಗರ ಗೊಂದಲ ಇಮ್ಮಡಿಯಾಯಿತು. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯುಆರ್ ಕೋಡ್ ಕಡ್ಡಾಯ ಎಂದಿದ್ದರಲ್ಲ, ಮತ್ತೆ ನಕಲಿ ಮಾಲು ಅಂಗಡಿಗೆ ಬಂದದ್ದು ಹೇಗೆ? ಕೋಡ್ ಸ್ಕ್ಯಾನ್ ಆಗದಿದ್ದರೆ ಆ ಮಾತ್ರೆ ನಕಲಿಯೇ? ಫಾಯಿಲ್ ಮೇಲಿನ ಹಾಲೋಗ್ರಾಂ (ಬೆಳಕಿಗೆ ಬಣ್ಣಬಣ್ಣವಾಗಿ ಹೊಳೆಯುವ ಗುರುತು) ಒಂದು ಸ್ಟ್ರಿಪ್‌ನಲ್ಲಿ ಫಳಫಳ ಹೊಳೆದು, ಇನ್ನೊಂದರಲ್ಲಿ ಮಂಕಾಗಿದ್ದರೆ ಯಾವುದನ್ನು ನಂಬಬೇಕು?

ಉತ್ತರದಲ್ಲಿ ಅರ್ಧ ಭಾಗ ಕಾನೂನಿನಲ್ಲಿದೆ. ಉಳಿದರ್ಧ, ಯಾರೂ ಹೆಚ್ಚು ಮಾತಾಡದ ಒಂದು ಜಾಗದಲ್ಲಿದೆ: ಮಾತ್ರೆಯನ್ನು ಫಾಯಿಲ್‌ನೊಳಗೆ ಸೀಲ್ ಮಾಡುವ ಬಿಸಿ ರೋಲರ್‌ನ ಕೆಳಗೆ.

ಕಳಪೆ ಬೇರೆ, ನಕಲಿ ಬೇರೆ

ಮೊದಲು ಒಂದು ಸ್ಪಷ್ಟನೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಔಷಧಿ ನಕಲಿ ಅಲ್ಲ. ನಿಜವಾದ ಕಂಪನಿಯೇ ತಯಾರಿಸಿದ ಮಾತ್ರೆ ಸರಿಯಾಗಿ ಕರಗದೆ ಹೋದರೆ, ಇರಬೇಕಾದಷ್ಟು ಮದ್ದಿನ ಅಂಶ ಇಲ್ಲದಿದ್ದರೆ ಅದು ‘ನಿಗದಿತ ಗುಣಮಟ್ಟದ್ದಲ್ಲ’. ಬೇರೆ ಯಾರೋ ತಯಾರಿಸಿ ಹೆಸರಾಂತ ಕಂಪನಿಯ ಲೇಬಲ್ ಹಚ್ಚಿದರೆ ಅದು ನಕಲಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 17ಬಿ ಕಲಂ ಈ ಎರಡನೆಯದನ್ನು ಪ್ರತ್ಯೇಕ ಅಪರಾಧವಾಗಿ ನೋಡುತ್ತದೆ. ನಕಲಿ ಔಷಧಿಯಿಂದ ಸಾವು ಅಥವಾ ಗಂಭೀರ ಹಾನಿಯಾದರೆ ಜೀವಾವಧಿವರೆಗೂ ಶಿಕ್ಷೆಯಾಗಬಹುದು.

ಪ್ರಯೋಗಾಲಯ ಮಾತ್ರೆಯ ಒಳಗಿನ ಮದ್ದನ್ನು ಅಳೆಯಬಲ್ಲದು. ಆದರೆ ಅದನ್ನು ಯಾರು ತಯಾರಿಸಿದರು ಎಂಬುದಕ್ಕೆ ಸುಲಭದ ಸಾಕ್ಷಿ ಇರುವುದು ಪ್ಯಾಕ್‌ನ ಮೇಲೆ. ಪ್ಯಾಕ್‌ನ ಗುರುತು ಅಳಿಸಿದರೆ ಕಂಪನಿ ‘ಇದು ನಮ್ಮದಲ್ಲ’ ಎಂದಾಗ ಹೌದೆನ್ನುವುದೂ ಕಷ್ಟ, ಅಲ್ಲವೆನ್ನುವುದೂ ಕಷ್ಟ.

ನಿಯಮ ಹೇಳಿದ್ದು, ಹೇಳದೆ ಬಿಟ್ಟದ್ದು

2022ರ ನವೆಂಬರ್‌ನ ಅಧಿಸೂಚನೆ ಔಷಧ ನಿಯಮಗಳಿಗೆ ‘ಶೆಡ್ಯೂಲ್ ಎಚ್2’ ಎಂಬ ಹೊಸ ಪಟ್ಟಿ ಸೇರಿಸಿತು. ಡೋಲೊ, ಕ್ಯಾಲ್ಪಾಲ್, ಆಗ್ಮೆಂಟಿನ್, ಅಲೆಗ್ರಾ, ಥೈರೋನಾರ್ಮ್ ಮೊದಲಾದ 300 ಬ್ರ್ಯಾಂಡ್‌ಗಳು ಅದರಲ್ಲಿವೆ. ಇವುಗಳ ಪ್ಯಾಕ್ ಮೇಲೆ ಬಾರ್‌ಕೋಡ್ ಅಥವಾ ಕ್ಯುಆರ್ ಕೋಡ್ ಇರಬೇಕು. ಉತ್ಪನ್ನದ ಗುರುತು ಸಂಖ್ಯೆ, ಔಷಧಿಯ ಮೂಲ ಹೆಸರು, ಬ್ರ್ಯಾಂಡ್ ಹೆಸರು, ತಯಾರಕರ ವಿಳಾಸ, ಬ್ಯಾಚ್ ನಂಬರ್, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ, ಪರವಾನಗಿ ಸಂಖ್ಯೆ ಇವೆಲ್ಲ ಅದರೊಳಗೆ ಇರಬೇಕು.

ಕೋಡ್‌ನಲ್ಲಿ ಏನಿರಬೇಕು ಎಂಬುದನ್ನು ನಿಯಮ ಸಾಲುಸಾಲಾಗಿ ಹೇಳಿದೆ. ಆ ಕೋಡ್ ಓದುವ ಸ್ಥಿತಿಯಲ್ಲಿ ಉಳಿದಿದೆಯೇ ಎಂದು ಸೀಲಿಂಗ್ ಮುಗಿದ ಮೇಲೆ ಇಂಥ ಅಳತೆಗೋಲಿನಿಂದ ಪರೀಕ್ಷಿಸಬೇಕು ಎಂದು ಮಾತ್ರ ಹೇಳಿಲ್ಲ. ಪ್ರತಿಯೊಂದು ಸ್ಟ್ರಿಪ್‌ಗೂ ಬೇರೆಬೇರೆ ಸಂಖ್ಯೆ ಇರಬೇಕೆಂದೂ ಬಿಡಿಸಿ ಹೇಳಿಲ್ಲ. ಒಂದು ಬ್ಯಾಚ್‌ಗೆಲ್ಲ ಒಂದೇ ಕೋಡ್ ಇದ್ದರೆ, ಒಂದು ಅಸಲಿ ಸ್ಟ್ರಿಪ್‌ನ ಫೋಟೊ ತೆಗೆದು ಲಕ್ಷ ನಕಲಿ ಸ್ಟ್ರಿಪ್‌ಗಳ ಮೇಲೆ ಅದನ್ನೇ ಅಚ್ಚು ಹಾಕಬಹುದು. ಸ್ಕ್ಯಾನ್ ಮಾಡಿದವರಿಗೆ ಎಲ್ಲ ವಿವರವೂ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಅನೇಕ ಕಂಪನಿಗಳು ಕೋಡ್ ಒಂದನ್ನೇ ನೆಚ್ಚಿಕೊಳ್ಳದೆ ಹಾಲೋಗ್ರಾಂ ಫಾಯಿಲ್, ಕೋನ ಬದಲಿಸಿದಂತೆ ಬಣ್ಣ ಬದಲಿಸುವ ಇಂಕು, ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ ಅಕ್ಷರ ಇಂಥವನ್ನೂ ಜೊತೆಗೆ ಬಳಸುತ್ತವೆ.

ಇನ್ನೊಂದು ಸಡಿಲಿಕೆಯೂ ಇದೆ. ಒಳಪ್ಯಾಕ್‌ನಲ್ಲಿ ಜಾಗ ಸಾಲದಿದ್ದರೆ ಕೋಡನ್ನು ಹೊರಗಿನ ಪೆಟ್ಟಿಗೆಯ ಮೇಲೆ ಹಾಕಬಹುದು. ಓದಲು ಇದು ಸಣ್ಣ ವಿನಾಯಿತಿ. ನಮ್ಮ ದೇಶದಲ್ಲಿ ಔಷಧಿ ಮಾರುವ ರೀತಿ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಕಿಂಡಿ ಎಂಬುದು ತಿಳಿಯುತ್ತದೆ.

ನಮ್ಮಲ್ಲಿ ಸ್ಟ್ರಿಪ್ಪೇ ಸಾಕ್ಷಿ

ಯುರೋಪಿಯನ್ ಒಕ್ಕೂಟದಲ್ಲಿ 2019ರ ಫೆಬ್ರುವರಿ 9ರಿಂದ, ವೈದ್ಯರ ಚೀಟಿ ಬೇಕಾಗುವ ಬಹುತೇಕ ಎಲ್ಲ ಔಷಧಿಗಳ ಪೆಟ್ಟಿಗೆಯ ಮೇಲೂ ಪ್ರತ್ಯೇಕ ಸಂಖ್ಯೆ ಇರುವ ಕೋಡ್ ಮತ್ತು ತೆರೆದರೆ ಗೊತ್ತಾಗುವ ಮುದ್ರೆ ಕಡ್ಡಾಯ. ಅಲ್ಲಿ ರೋಗಿಯ ಕೈಗೆ ಸಾಮಾನ್ಯವಾಗಿ ಪೂರ್ತಿ ಪೆಟ್ಟಿಗೆಯೇ ಹೋಗುತ್ತದೆ. ಪೆಟ್ಟಿಗೆ ರಟ್ಟಿನದು; ಮಾತ್ರೆ ಸೀಲ್ ಆಗಿ ತಣ್ಣಗಾದ ಮೇಲೆ ಅದರೊಳಗೆ ಬೀಳುತ್ತದೆ. ಹೀಗಾಗಿ ಗುರುತು ಇರುವ ಜಾಗಕ್ಕೂ ಸೀಲಿಂಗ್ ಬಿಸಿಗೂ ಸಂಬಂಧವೇ ಬರುವುದಿಲ್ಲ.

ನಮ್ಮಲ್ಲಿ ಹತ್ತು, ಹದಿನೈದು ಸ್ಟ್ರಿಪ್‌ಗಳ ಪೆಟ್ಟಿಗೆ ಮೆಡಿಕಲ್ ಶಾಪ್‌ನ ಕಪಾಟಿನಲ್ಲೇ ಉಳಿಯುತ್ತದೆ. ಗಿರಾಕಿಗೆ ಸಿಗುವುದು ಒಂದು ಸ್ಟ್ರಿಪ್. ಎಷ್ಟೋ ಸಲ ಅದೂ ಇಲ್ಲ, ಕತ್ತರಿಯಿಂದ ಕತ್ತರಿಸಿದ ನಾಲ್ಕು ಮಾತ್ರೆಯ ತುಂಡು. ದಿನಗೂಲಿಯವರು ಮೂರು ದಿನಕ್ಕೆ ಬೇಕಾದಷ್ಟೇ ಕೊಳ್ಳುತ್ತಾರೆ, ಅದು ಅವರ ಅನಿವಾರ್ಯ. ಪೆಟ್ಟಿಗೆಯ ಮೇಲಿನ ಕೋಡ್ ಇಂಥವರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಭಾರತದಲ್ಲಿ ಅಸಲಿಯ ಗುರುತು ಕೆಲಸಕ್ಕೆ ಬರಬೇಕಾದರೆ ಸ್ಟ್ರಿಪ್‌ನ ಮೇಲೆಯೇ ಇರಬೇಕು, ಸಾಧ್ಯವಾದರೆ ಪ್ರತಿ ಮಾತ್ರೆಯ ಬೆನ್ನಿಗೂ ಇರಬೇಕು. ಇಡೀ ಪ್ಯಾಕಿಂಗ್ ಸಾಲಿನಲ್ಲಿ ಅತಿ ಹೆಚ್ಚು ಬಿಸಿ ತಾಗುವ ಜಾಗವೂ ಅದೇ. ಯುರೋಪಿನ ಮಾದರಿಯನ್ನು ಹಾಗೇ ಇಲ್ಲಿಗೆ ತಂದರೆ ಸಾಲದು ಎನ್ನುವುದಕ್ಕೆ ಕಾರಣ ಇದು.

ರೋಲರ್‌ನ ಕೆಳಗೆ ನಡೆಯುವುದೇನು

ಮಾತ್ರೆಗಳನ್ನು ಸ್ಟ್ರಿಪ್‌ನಲ್ಲಿ ಪ್ಯಾಕ್ ಮಾಡುವ ಬ್ಲಿಸ್ಟರ್ ಯಂತ್ರದ ಒಂದು ಸುರುಳಿಯಿಂದ ಪಿವಿಸಿ ಪ್ಲಾಸ್ಟಿಕ್ ಹಾಳೆ ಬಿಚ್ಚಿಕೊಳ್ಳುತ್ತದೆ. ಅದರ ದಪ್ಪ ಸಾಮಾನ್ಯವಾಗಿ 250 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್. ಅದನ್ನು ಬಿಸಿ ಮಾಡಿ ಗುಳಿ ಮಾಡಿ, ಗುಳಿಗೊಂದರಂತೆ ಮಾತ್ರೆ ತುಂಬಲಾಗುತ್ತದೆ. ಮೇಲಿನಿಂದ 20ರಿಂದ 25 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಫಾಯಿಲ್ ಬಂದು ಮುಚ್ಚುತ್ತದೆ. ಫಾಯಿಲ್‌ನ ಒಳಮೈಗೆ ಬಿಸಿ ತಗುಲಿದರೆ ಅಂಟುವ ಲ್ಯಾಕರ್ (ಮೆರುಗೆಣ್ಣೆಯಂಥ ತೆಳು ಲೇಪ) ಬಳಿದಿರುತ್ತದೆ. ಹೊರಮೈಯಲ್ಲಿ ಹೆಸರು, ಎಚ್ಚರಿಕೆಯ ಕೆಂಪು ಗೆರೆ, ಕೋಡ್, ಹಾಲೋಗ್ರಾಂ ಇರುತ್ತವೆ.

ಈಗ ಸೀಲಿಂಗ್ ರೋಲರ್ ಅಥವಾ ಪ್ಲೇಟ್ ಒತ್ತುತ್ತದೆ. ಯಂತ್ರ, ಲ್ಯಾಕರ್, ವೇಗ ನೋಡಿಕೊಂಡು ಅದರ ಬಿಸಿ ಸುಮಾರು 140ರಿಂದ 200 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕರಗಿ ಅಂಟಬೇಕಾದದ್ದು ಒಳಮೈಯ ಲ್ಯಾಕರ್. ಆದರೆ ಬಿಸಿ ಲೋಹ ಮುಟ್ಟುವುದು ಅಚ್ಚು ಇರುವ ಹೊರಮೈಯನ್ನು. ಶಾಖ ಹೊರಗಿನಿಂದ ಒಳಕ್ಕೆ ಇಳಿಯಬೇಕಾದ್ದರಿಂದ, ಒಳಗಿನ ಅಂಟು ಹದಕ್ಕೆ ಬರುವ ಹೊತ್ತಿಗೆ ಹೊರಗಿನ ಗುರುತು ಅದಕ್ಕಿಂತ ಹೆಚ್ಚು ಬಿಸಿಯನ್ನು ಸಹಿಸಿರುತ್ತದೆ. ಎಲ್ಲ ತೊಂದರೆಯ ಬೇರು ಇಲ್ಲಿದೆ.

ಬಿಸಿಯ ಜೊತೆಗೆ ಒತ್ತಡವೂ ಇದೆ. ಮನೆಯಲ್ಲಿರುವ ಯಾವುದಾದರೂ ಸ್ಟ್ರಿಪ್ಪನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಮಾತ್ರೆಗಳ ನಡುವಿನ ಜಾಗದಲ್ಲಿ ಪುಟ್ಟ ಚೌಕಗಳ ಅಥವಾ ಚುಕ್ಕೆಗಳ ಜಾಲರಿ ಕಾಣುತ್ತದೆ. ಹಿಡಿತ ಗಟ್ಟಿಯಾಗಲೆಂದು ಸೀಲಿಂಗ್ ಉಪಕರಣದ ಮೇಲೆ ಕೊರೆದ ಹಲ್ಲುಗಳ ಗುರುತು ಅದು. ಗುಳಿಗಳ ನೇರಕ್ಕೆ ಬರುವ ಫಾಯಿಲ್ ಮಾತ್ರ ನುಣುಪಾಗಿ ಉಳಿದಿರುತ್ತದೆ, ಏಕೆಂದರೆ ಅಲ್ಲಿ ಕೆಳಗೆ ಆಸರೆ ಇಲ್ಲ, ಒತ್ತಡ ಬೀಳುವುದಿಲ್ಲ. ಒಂದೇ ಸ್ಟ್ರಿಪ್‌ನ ಹಾಲೋಗ್ರಾಂ ಒಂದೆಡೆ ಹೊಳೆದು ಪಕ್ಕದಲ್ಲೇ ಮಂಕಾಗಿದ್ದರೆ ಕಾರಣ ಇಷ್ಟೇ ಇರಬಹುದು.

ಯಂತ್ರ ಓಡುತ್ತಿರುವಾಗ ಆಗುವ ಹಾನಿಗಿಂತ ನಿಂತಾಗ ಆಗುವ ಹಾನಿ ಹೆಚ್ಚು. ಓಡುವಾಗ ಫಾಯಿಲ್ ಬಿಸಿಯ ಕೆಳಗೆ ಇರುವುದು ಒಂದು ಸೆಕೆಂಡಿನಷ್ಟೋ ಅದಕ್ಕೂ ಕಡಿಮೆಯೋ ಹೊತ್ತು. ಮಾತ್ರೆ ಸಿಕ್ಕಿಕೊಂಡು ಸಾಲು ನಿಂತರೆ ಅದೇ ತುಂಡು ಬಿಸಿ ಉಪಕರಣದ ಪಕ್ಕದಲ್ಲೇ ಕಾಯುತ್ತಾ ಇರಬೇಕಾಗುತ್ತದೆ. ಹೀಗೆ ನಿಂತು ಹೊರಟಾಗಿನ ಮೊದಲ ಕೆಲವು ಸ್ಟ್ರಿಪ್‌ಗಳನ್ನು ತೆಗೆದುಹಾಕದೆ ಬಿಟ್ಟರೆ, ಒಂದೇ ಬ್ಯಾಚ್‌ನೊಳಗೇ ಬೇರೆಬೇರೆ ಹೊಳಪಿನ ಅಸಲಿ ಸ್ಟ್ರಿಪ್‌ಗಳು ಮಾರುಕಟ್ಟೆಗೆ ಬರುತ್ತವೆ.

ಹೊಳಪು ಎಲ್ಲಿ ಹೋಗುತ್ತದೆ

ಹಾಲೋಗ್ರಾಂನ ಬಣ್ಣ ಇಂಕಿನದಲ್ಲ. ಲ್ಯಾಕರ್‌ನ ಮೇಲೆ ಒತ್ತಿದ ಅತಿ ಸೂಕ್ಷ್ಮ ಏರುತಗ್ಗುಗಳಿಂದ ಬೆಳಕು ಚದುರಿ ಬಣ್ಣ ಮೂಡುತ್ತದೆ. ಒಂದು ಗೆರೆಯಿಂದ ಮುಂದಿನ ಗೆರೆಗೆ ಸುಮಾರು ಒಂದು ಮೈಕ್ರಾನ್ ಅಂತರ, ಆಳ ಅದಕ್ಕೂ ಎಷ್ಟೋ ಪಾಲು ಕಡಿಮೆ. ಅದರ ಮೇಲೆ ಕೆಲವು ಹತ್ತು ನ್ಯಾನೊಮೀಟರ್‌ನಷ್ಟು ತೆಳುವಾದ ಅಲ್ಯೂಮಿನಿಯಂ ಲೇಪ.

ಈ ಗೆರೆಗಳು ಮೂಡಿದ್ದೇ ಬಿಸಿಯಿಂದ. ನಿಕ್ಕಲ್ ಅಚ್ಚನ್ನು ಬಿಸಿಮಾಡಿ, ಮೆತ್ತಗಾದ ಲ್ಯಾಕರ್ ಮೇಲೆ ಒತ್ತಿ ತಣಿಸಿದಾಗ ಗೆರೆ ನಿಲ್ಲುತ್ತದೆ. ಅರಗಿನ ಮೇಲೆ ಒತ್ತಿದ ಮುದ್ರೆಗೆ ಮತ್ತೆ ಬಿಸಿ ತಾಗಿದರೆ ಅಂಚು ಮಾಸುವ ಹಾಗೆ, ಮೆತ್ತಗಾಗುವ ಬಿಂದುವನ್ನು ಮತ್ತೆ ದಾಟಿದರೆ ಈ ಲ್ಯಾಕರ್ ಕೂಡ ಸಮತಟ್ಟಾಗಲು ಹೊರಡುತ್ತದೆ. ಆಳ ಒಂದಿಷ್ಟು ಕಡಿಮೆಯಾದರೂ ಸಾಕು, ಬಣ್ಣ ಬಿಳಿಚಿಕೊಳ್ಳುತ್ತದೆ. ಕೆಳಗಿನ ಪ್ಲಾಸ್ಟಿಕ್ ಕುಗ್ಗಿದರೆ ಮೇಲಿನ ಲೋಹದ ಪದರ ಬಿರುಕುಬಿಟ್ಟು ಹಾಲಿನಂತೆ ಮಸುಕಾಗುತ್ತದೆ.

ಇಲ್ಲಿಂದ ಹೊರಡುವ ಒಂದು ಪರಿಣಾಮ ಆತಂಕದ್ದು. ನಕಲಿ ಮಾಡುವವನು ಸೀಲಿಂಗ್ ಮುಗಿಸಿ, ಆಮೇಲೆ ತಣ್ಣಗೆ ಒಂದು ಹೊಳೆಯುವ ಸ್ಟಿಕ್ಕರ್ ಅಂಟಿಸಬಹುದು. ಆ ಸ್ಟಿಕ್ಕರ್ ಬಿಸಿಯನ್ನು ಕಂಡೇ ಇರುವುದಿಲ್ಲ. ‘ಹೊಳೆದರೆ ಅಸಲಿ, ಮಂಕಾದರೆ ನಕಲಿ’ ಎಂದು ಜನರಿಗೆ ಕಲಿಸಿದರೆ, ಬಿಸಿಗೆ ಸೊರಗಿದ ಅಸಲಿಯನ್ನು ಬಿಟ್ಟು ನಕಲಿಯನ್ನೇ ಅವರು ಆರಿಸಿಕೊಳ್ಳುವ ಸಾಧ್ಯತೆ ಇದೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಇಂಥ ಸಲಹೆಗಳನ್ನು ನಂಬಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸುವುದು ನಕಲಿಯಷ್ಟೇ ಅಪಾಯದ್ದು.

ಬೇರೆ ಗುರುತುಗಳ ಗತಿ ಒಂದೊಂದು ರೀತಿ. ನೇರಳಾತೀತ ಬೆಳಕಿಗೆ ಹೊಳೆಯುವ ಸಾವಯವ ಬಣ್ಣಗಳು ಬಿಸಿಗೆ ಬೇಗ ಸೋಲುತ್ತವೆ. ಖನಿಜ ಮೂಲದ ಬಣ್ಣಗಳು ತಡೆದುಕೊಳ್ಳುತ್ತವೆ. ಬೆರಳಿನ ಕಾವಿಗೆ ಬಣ್ಣ ಬದಲಿಸುವ ಇಂಕಿನಲ್ಲಿ ಬಣ್ಣ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕೋಶಗಳೊಳಗೆ ಇರುತ್ತದೆ. ಬಿಸಿ ರೋಲರ್‌ನ ಒತ್ತಡಕ್ಕೆ ಆ ಕೋಶ ಒಡೆದರೆ ಅದರ ಆಟ ಮುಗಿಯಿತು. ಕ್ಯುಆರ್ ಕೋಡ್‌ಗೆ ಬಿಸಿಗಿಂತ ಜಾಲರಿಯ ಹಲ್ಲುಗಳದ್ದೇ ಹೆಚ್ಚು ಕಾಟ: ಉಬ್ಬುತಗ್ಗಾದ ಫಾಯಿಲ್ ಬೆಳಕನ್ನು ಎಲ್ಲೆಲ್ಲೋ ಪ್ರತಿಫಲಿಸಿ, ಬಿಳಿ ಚೌಕ ಯಾವುದು, ಕಪ್ಪು ಯಾವುದು ಎಂದು ಮೊಬೈಲ್ ಕ್ಯಾಮೆರಾಗೆ ತಿಳಿಯದಂತೆ ಮಾಡುತ್ತದೆ. ಕ್ಯುಆರ್ ಕೋಡ್‌ಗೆ ತಪ್ಪು ತಿದ್ದಿಕೊಳ್ಳುವ ಗುಣವಿದೆ ನಿಜ. ಅತಿ ಹೆಚ್ಚಿನ ಮಟ್ಟದಲ್ಲಿ ಸುಮಾರು ಶೇ 30ರಷ್ಟು ಕೆಟ್ಟರೂ ಓದಬಹುದು. ಆದರೆ ಆ ಮಟ್ಟ ಇಟ್ಟರೆ ಕೋಡ್ ಹಿಗ್ಗುತ್ತದೆ, ಸ್ಟ್ರಿಪ್‌ನಲ್ಲಿ ಜಾಗ ಸಾಲದು. ಜಾಗ ಸಾಲದಿದ್ದರೆ ಪೆಟ್ಟಿಗೆಗೆ ಹಾಕಬಹುದು ಎಂಬ ವಿನಾಯಿತಿ ಹೇಗೂ ಇದೆ!

ಬಿಸಿ ಇಳಿಸಿದರಾಯಿತಲ್ಲ?

ಆಗುವುದಿಲ್ಲ. ಸೀಲ್ ಇರುವುದು ಅಂದಕ್ಕಲ್ಲ, ತೇವ ತಡೆಯುವುದಕ್ಕೆ. ಅಮಾಕ್ಸಿಸಿಲಿನ್ ಜೊತೆ ಕೊಡುವ ಕ್ಲಾವುಲನಿಕ್ ಆಮ್ಲ ತೇವ ತಾಗಿದರೆ ಬೇಗ ಹಾಳಾಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದ ಗಾಳಿಯಲ್ಲಿ ಸಡಿಲ ಸೀಲಿನ ಸ್ಟ್ರಿಪ್ ತಿಂಗಳುಗಟ್ಟಲೆ ಇದ್ದರೆ ಒಳಗಿನ ಮದ್ದು ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಸ್ಟ್ರಿಪ್‌ಗಳನ್ನು ನೀಲಿ ಬಣ್ಣದ ನೀರಿನಲ್ಲಿ ಮುಳುಗಿಸಿ, ಗಾಳಿ ಹೀರಿ ಬಿಟ್ಟು, ಗುಳಿಯೊಳಗೆ ನೀಲಿ ಇಳಿದಿದೆಯೇ ಎಂದು ನೋಡುತ್ತಾರೆ. ಒಂದು ಹನಿ ಕಂಡರೂ ಸೀಲಿಂಗ್ ಸೋತಂತೆ.

ಹಾಲೋಗ್ರಾಂ ಉಳಿಸಲು ಬಿಸಿ ಇಳಿಸಿದರೆ, ಅಸಲಿ ಎಂದು ಸಾಬೀತಾದ ಆದರೆ ಒಳಗೆ ಕೆಟ್ಟ ಮಾತ್ರೆ ರೋಗಿಯ ಕೈ ಸೇರುತ್ತದೆ. ಯಾವ ಕಾರಣಕ್ಕೂ ಸೀಲಿನ ಗಟ್ಟಿತನದಲ್ಲಿ ರಾಜಿ ಸಲ್ಲದು. ಹಾಗಾಗಿ ಪ್ರಶ್ನೆ ಇರುವುದು ಇದೇ ಬಿಸಿಯಲ್ಲಿ ಗುರುತನ್ನು ಉಳಿಸುವುದು ಹೇಗೆ ಎಂಬುದು.

ಉಳಿಸಿಕೊಳ್ಳುವ ದಾರಿಗಳು

ಅಗ್ಗದ ದಾರಿ ವಿನ್ಯಾಸದ್ದು. ಗುರುತನ್ನು ಒತ್ತಡ ಬೀಳದ ಜಾಗಕ್ಕೆ, ಅಂದರೆ ಗುಳಿಯ ನೇರಕ್ಕೆ ತರಬಹುದು. ಅಥವಾ ಸ್ಟ್ರಿಪ್‌ನ ಒಂದು ತುದಿಯಲ್ಲಿ ಪಟ್ಟಿಯೊಂದನ್ನು ಬಿಟ್ಟು, ಅದರ ನೇರಕ್ಕೆ ಸೀಲಿಂಗ್ ಪ್ಲೇಟಿನಲ್ಲಿ ತಗ್ಗು ಕೊರೆದರೆ ಅಲ್ಲಿ ಬಿಸಿ ಲೋಹ ತಾಗುವುದೇ ಇಲ್ಲ. ಇದಕ್ಕೆ ಫಾಯಿಲ್ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂರಬೇಕು. ಅಚ್ಚಿನ ಗುರುತು ನೋಡಿ ಫಾಯಿಲ್ ಎಳೆತವನ್ನು ಸರಿಪಡಿಸುವ ಸೆನ್ಸರ್ ಇಲ್ಲದ ಹಳೆಯ ಯಂತ್ರಗಳಿಗೆ ಇದು ಸಾಧ್ಯವಾಗುವುದಿಲ್ಲ. ತುದಿಯಲ್ಲಿ ಇಟ್ಟ ಗುರುತು ಕತ್ತರಿಯ ಮೊದಲ ಏಟಿಗೇ ಬೇರೆಯವರ ಪಾಲಾಗುತ್ತದೆ ಎಂಬ ತೊಂದರೆಯೂ ಇದೆ.

ಎರಡನೆಯದು ವಸ್ತುವಿನದು. ಬಿಸಿಗೆ ಮೆತ್ತಗಾಗುವ ಲ್ಯಾಕರ್ ಬದಲು, ನೇರಳಾತೀತ ಬೆಳಕಿನಲ್ಲಿ ಗಟ್ಟಿಯಾಗಿ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುವ ಲ್ಯಾಕರ್ ಬಳಸಿದರೆ ಗೆರೆಗಳು ಮತ್ತೆ ಸುಲಭಕ್ಕೆ ಕರಗುವುದಿಲ್ಲ. ಅಲ್ಯೂಮಿನಿಯಂ ಫಾಯಿಲ್‌ನ ಮೈಮೇಲೇ ನೇರವಾಗಿ ಗೆರೆ ಒತ್ತುವ ವಿಧಾನವೂ ಇದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಆದ್ದರಿಂದ ಸೀಲಿಂಗ್ ಬಿಸಿ ಅದಕ್ಕೆ ಲೆಕ್ಕವಲ್ಲ. ಜಾಲರಿಯ ಹಲ್ಲಿಗೆ ಜಜ್ಜಿಹೋಗದಂತೆ ನೋಡಿಕೊಂಡರೆ ಸಾಕು. ಇಂಕಿನ ಮೇಲೆ ಬಿಸಿ ತಡೆಯುವ ಮೇಲ್ಪದರ ಕೊಡುವುದಂತೂ ಈಗಾಗಲೇ ರೂಢಿಯಲ್ಲಿದೆ. ಕಡಿಮೆ ಬಿಸಿಗೇ ಗಟ್ಟಿಯಾಗಿ ಹಿಡಿಯುವ ಅಂಟು ಲ್ಯಾಕರ್ ಇನ್ನೊಂದು ಆಯ್ಕೆ, ಆದರೆ ಅಂಥ ಅಂಟು ನಮ್ಮ ಬೇಸಿಗೆಯ ಗೋದಾಮು, ಲಾರಿಗಳ ಕಾವನ್ನೂ ತಾಳಿಕೊಳ್ಳುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು.

ಮೂರನೆಯದು ಕ್ರಮವನ್ನೇ ಬದಲಿಸುವುದು: ಸೀಲ್ ಆಗಿ ತಣ್ಣಗಾದ ಮೇಲೆ ಲೇಸರ್‌ನಿಂದಲೋ ಡಿಜಿಟಲ್ ಮುದ್ರಣದಿಂದಲೋ ಕೋಡ್ ಹಾಕುವುದು. ಪ್ರತಿ ಸ್ಟ್ರಿಪ್‌ಗೂ ಬೇರೆ ಸಂಖ್ಯೆ ಕೊಡಬೇಕೆಂದರೆ ಇದು ಬಹಳ ಅನುಕೂಲದ್ದು. ತಕರಾರೆಂದರೆ, ಮುದ್ರಿಸುವಾಗ ಫಾಯಿಲ್‌ನಲ್ಲಿ ಸಣ್ಣ ತೂತು ಬೀಳಬಾರದು, ಜಾಲರಿಯ ಉಬ್ಬುತಗ್ಗಿನ ಮೇಲೆ ಅಕ್ಷರ ಸರಿಯಾಗಿ ಕೂರಬೇಕು, ಸಾಲಿನ ವೇಗ ಇಳಿಯಬಾರದು.

ಔಷಧಿಗೆ ಹೊರಗಿನ ಒಂದು ಮಾತು. ಕೀಟನಾಶಕ ಬಾಟಲಿಗಳಲ್ಲೂ ಇದೇ ಸಮಸ್ಯೆ ಬೇರೆ ವೇಷದಲ್ಲಿದೆ. ಅಲ್ಲಿ ಬಾಯಿಗೆ ಹಚ್ಚುವ ಫಾಯಿಲ್ಲನ್ನು ವಿದ್ಯುತ್ಕಾಂತ ಪ್ರಚೋದನೆಯಿಂದ ಬಿಸಿ ಮಾಡುತ್ತಾರೆ, ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಕವಚ ಬಿಸಿ ಗಾಳಿಗೆ ಕುಗ್ಗಿ ಹಿಡಿಯುತ್ತದೆ. ಹಾಲೋಗ್ರಾಂ ಆ ಕವಚದ ಮೇಲಿದ್ದರೆ ಅದರ ಜೊತೆಗೇ ಕುಗ್ಗಿ ಆಕಾರ ಕೆಡುತ್ತದೆ. ನಕಲಿ ಔಷಧ ಸಿಂಪಡಿಸಿ ಬೆಳೆ ಕಳೆದುಕೊಂಡ ರೈತನಿಗೂ ಬಾಟಲಿಯ ಮೇಲಿನ ಗುರುತು ಬಿಟ್ಟು ಬೇರೆ ಆಧಾರ ಇಲ್ಲ.

ಯಾರ ವಾದ ಏನು

ಕಂಪನಿಯ ಬ್ರ್ಯಾಂಡ್ ರಕ್ಷಣೆ ವಿಭಾಗಕ್ಕೆ ಗುರುತು ಹೊಳೆಯಬೇಕು. ಗುಣಮಟ್ಟ ವಿಭಾಗಕ್ಕೆ ಸೀಲ್ ಸೋರಬಾರದು. ಉತ್ಪಾದನೆ ನೋಡಿಕೊಳ್ಳುವವರಿಗೆ ಯಂತ್ರ ನಿಲ್ಲಬಾರದು. ವೇಗ ಹೆಚ್ಚಿದಷ್ಟೂ ಬಿಸಿ ಮುಟ್ಟುವ ಹೊತ್ತು ಕಡಿಮೆ, ಅದನ್ನು ಸರಿತೂಗಿಸಲು ಬಿಸಿ ಏರಿಸಬೇಕು, ಬಿಸಿ ಏರಿದರೆ ಗುರುತಿಗೆ ಕುತ್ತು. ಫಾಯಿಲ್ ಪೂರೈಸುವವರು ಸುರುಳಿ ಹೊರಡುವಾಗ ಕೋಡ್ ಚೆನ್ನಾಗಿತ್ತು ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ, ಆದರೆ ಗಿರಾಕಿ ಕೊಳ್ಳುವುದು ಸುರುಳಿಯನ್ನಲ್ಲ.

ಸಣ್ಣ ತಯಾರಕರ ಅಳಲನ್ನು ತಳ್ಳಿಹಾಕುವಂತಿಲ್ಲ. ಬೆಲೆ ನಿಯಂತ್ರಣದಲ್ಲಿರುವ ಅಗ್ಗದ ಮಾತ್ರೆಗೆ ದುಬಾರಿ ಫಾಯಿಲ್, ಹೊಸ ಉಪಕರಣ ಹಾಕಿದರೆ ಆ ಖರ್ಚು ಎಲ್ಲಿಂದ ಹುಟ್ಟಬೇಕು ಎಂದು ಅವರು ಕೇಳುತ್ತಾರೆ. ಆದರೆ ಶೆಡ್ಯೂಲ್ ಎಚ್2ರಲ್ಲಿ ಇರುವುದು ಹೆಚ್ಚು ಮಾರಾಟವಾಗುವ ಬ್ರ್ಯಾಂಡ್‌ಗಳು, ನಕಲಿಯವರು ಕಣ್ಣಿಡುವುದೂ ಅಂಥವುಗಳ ಮೇಲೆಯೇ. ಆ ಕಂಪನಿಗಳಿಂದಲೇ ಮೊದಲು ಶುರುಮಾಡಿಸಿ, ಸಣ್ಣವರಿಗೆ ಕಾಲಾವಕಾಶ ಕೊಡುವುದು ನ್ಯಾಯ.

ನಿಯಮಕ್ಕೆ ಸೇರಬೇಕಾದ ಸಾಲು

ಕೋಡ್ ವ್ಯವಸ್ಥೆಯನ್ನು ಇನ್ನಷ್ಟು ಔಷಧಿಗಳಿಗೆ ವಿಸ್ತರಿಸುವ ಚರ್ಚೆ ನಡೆದಿದೆ. ಈಗಿನ ರೂಪದಲ್ಲೇ ವಿಸ್ತರಿಸಿದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಸ್ಟ್ರಿಪ್ ಮೇಲೆ ಕೋಡ್ ಉಳಿಸುವ ತಾಪತ್ರಯ ಬೇಡವೆಂದು ಹೆಚ್ಚು ತಯಾರಕರು ಪೆಟ್ಟಿಗೆಯ ವಿನಾಯಿತಿಯನ್ನು ಹಿಡಿಯುತ್ತಾರೆ. ಉಳಿದವರ ಸ್ಟ್ರಿಪ್‌ಗಳಲ್ಲಿ ಕೆಲವು ಸ್ಕ್ಯಾನ್ ಆಗುತ್ತವೆ, ಕೆಲವು ಆಗುವುದಿಲ್ಲ. ನಾಲ್ಕು ಸಲ ಸ್ಕ್ಯಾನ್ ಆಗದೆ ಬೇಸತ್ತ ಗಿರಾಕಿ ಐದನೆಯ ಸಲ ಮೊಬೈಲ್ ತೆಗೆಯುವುದಿಲ್ಲ. ನಕಲಿಯವನಿಗೆ ಬೇಕಾಗಿರುವುದೂ ಅದೇ.

ಇದನ್ನು ತಪ್ಪಿಸಲು ದೊಡ್ಡ ಕಾಯ್ದೆ ಬೇಡ. ಕೋಡ್‌ನ ಗುಣಮಟ್ಟವನ್ನು ಸುರುಳಿಯ ಮೇಲಲ್ಲ, ಸೀಲ್ ಆದ ಸ್ಟ್ರಿಪ್ ಮೇಲೆ ಅಳೆಯಬೇಕು. ಪ್ರತಿ ಬ್ಯಾಚ್‌ನಲ್ಲಿ, ಯಂತ್ರ ನಿಂತು ಹೊರಟ ಪ್ರತಿ ಸಲವೂ ಅಳೆದು ದಾಖಲಿಸಬೇಕು ಎಂಬ ಒಂದು ಅಂಶ ಸಾಕು. ಎರಡು ಆಯಾಮದ ಕೋಡ್‌ಗಳ ಮುದ್ರಣಕ್ಕೆ ದರ್ಜೆ ಕೊಡುವ ಐಎಸ್‌ಒ/ಐಇಸಿ 15415 ಎಂಬ ಅಂತರರಾಷ್ಟ್ರೀಯ ಮಾನದಂಡ ಈಗಾಗಲೇ ಇದೆ, ಹೊಸದಾಗಿ ಕಂಡುಹಿಡಿಯಬೇಕಾದದ್ದಿಲ್ಲ. ನೀಲಿ ನೀರಿನ ಪರೀಕ್ಷೆಯಲ್ಲಿ ಸೀಲ್ ಗೆದ್ದಂತೆಯೇ ಸ್ಕ್ಯಾನರ್‌ನ ಪರೀಕ್ಷೆಯಲ್ಲಿ ಕೋಡ್ ಗೆದ್ದರೆ ಮಾತ್ರ ಬ್ಯಾಚ್ ಹೊರಬೀಳಬೇಕು. ಜೊತೆಗೆ, ಪೆಟ್ಟಿಗೆಯ ವಿನಾಯಿತಿಯನ್ನು ನಿಜವಾಗಿ ಜಾಗವಿಲ್ಲದ ಪುಟ್ಟ ಪ್ಯಾಕ್‌ಗಳಿಗಷ್ಟೇ ಸೀಮಿತಗೊಳಿಸಬೇಕು.

ಅಲ್ಲಿಯವರೆಗೆ, ಸ್ಕ್ಯಾನ್ ಆಗದ ಅಥವಾ ಮಂಕಾದ ಸ್ಟ್ರಿಪ್ ಕೈಗೆ ಬಂದರೆ ಅದನ್ನು ನಕಲಿ ಎಂದು ಎಸೆಯುವುದೂ ಬೇಡ, ಮಾತ್ರೆ ನಿಲ್ಲಿಸುವುದೂ ಬೇಡ. ಅದೇ ಅಂಗಡಿಯಲ್ಲಿ ಅದೇ ಬ್ಯಾಚ್‌ನ ಇನ್ನೊಂದು ಸ್ಟ್ರಿಪ್ ಕೇಳಿ ಹೋಲಿಸಿ ನೋಡಿ, ಬ್ಯಾಚ್ ನಂಬರ್ ಇರುವ ಬಿಲ್ ಪಡೆಯಿರಿ. ಅಕ್ಷರದ ಕಾಗುಣಿತ, ವಿಳಾಸ, ಪರವಾನಗಿ ಸಂಖ್ಯೆಯಲ್ಲಿ ವ್ಯತ್ಯಾಸ ಕಂಡರೆ ಅದು ಬಿಸಿಯಿಂದ ಆದದ್ದಲ್ಲ. ಆಗ ಬಿಲ್ ಮತ್ತು ಉಳಿದ ಮಾತ್ರೆಗಳ ಸಮೇತ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಬಹುದು. ಕಾಯ್ದೆಯ 26ನೇ ಕಲಂ ಪ್ರಕಾರ, ನಿಗದಿತ ಶುಲ್ಕ ಕಟ್ಟಿ ತಾನು ಕೊಂಡ ಔಷಧಿಯನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕು ಪ್ರತಿ ಗಿರಾಕಿಗೂ ಇದೆ.